ಆಮ್ಲಜನಕವನ್ನು ಗಂಟೆಯಲ್ಲಿ ಅಳೆಯಿರಿ

ಮಾನ್ಯ ಸಂಪಾದಕರೇ,

ಕೋವಿಡ್‌ನ ಎರಡನೇ ಅಲೆಯ ನಡುವೆ, 2021ರ ಈ ಮೇ ತಿಂಗಳು ಹುಟ್ಟಿದಾಗಿನಿಂದ ಪತ್ರಿಕೆಗಳ ಮುಖಪುಟದಲ್ಲಿ ಟನ್ನುಗಳದ್ದೇ ಸುದ್ದಿ. 5ರಂದು ರಾಜ್ಯದ ಹೈಕೋರ್ಟ್, ದಿನಕ್ಕೆ 965 ಟನ್ ಇದ್ದ ಆಮ್ಲಜನಕದ ಹಂಚಿಕೆಯನ್ನು 1,200 ಟನ್‌ಗೆ ಏರಿಸಿ ಎಂದು ಕೇಂದ್ರಕ್ಕೆ ಹೇಳಿತು. 7ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ಎತ್ತಿ ಹಿಡಿಯಿತು. 11ರಂದು ಟಾಟಾನಗರದಿಂದ 120 ಟನ್ ಹೊತ್ತ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ವೈಟ್‌ಫೀಲ್ಡ್‌ಗೆ ಬಂದಿಳಿಯಿತು. ಮೂರೂ ಆಗಲೇಬೇಕಾಗಿದ್ದ ಕೆಲಸಗಳು. ಆದರೆ ಮೇ 2ರ ರಾತ್ರಿ ಕಳೆದು 3ರ ಬೆಳಗಾಗುವಷ್ಟರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಿಂದ ಬಂದ ಸುದ್ದಿಯನ್ನು ಟನ್ನಿನ ಲೆಕ್ಕದಿಂದ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. 24 ಗಂಟೆಗಳಲ್ಲಿ 24 ಜೀವ ಹೋದವು. ಆ ದಿನವೂ ರಾಜ್ಯದಲ್ಲಿ ನೂರಾರು ಟನ್ ಆಮ್ಲಜನಕ ತಯಾರಾಗುತ್ತಿತ್ತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರ್‌ಗಳು ಹೊರಡುತ್ತಲೇ ಇದ್ದವು.

ಹಾಸಿಗೆಯ ಮೇಲಿರುವವರ ಪಾಲಿಗೆ ಟನ್ ಎಂಬುದಿಲ್ಲ. ಅವರಿಗಿರುವುದು ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಹರಿವು, ಈ ಹರಿವಿನಲ್ಲಿ ಇನ್ನೆಷ್ಟು ಗಂಟೆ ಎಂಬ ಗಡುವು, ಎರಡೇ. ಪ್ರತಿ ಆಸ್ಪತ್ರೆಯೂ ತನ್ನಲ್ಲಿರುವ ಆಮ್ಲಜನಕವನ್ನು ಗಂಟೆಯಲ್ಲಿ ಬರೆದಿಡಬೇಕು, ಜಿಲ್ಲಾಡಳಿತ ಅದನ್ನು ಗಂಟೆಯಲ್ಲೇ ಕೇಳಬೇಕು, ಪತ್ರಿಕೆಗಳು ಗಂಟೆಯಲ್ಲೇ ಅಚ್ಚು ಹಾಕಬೇಕು. ಈ ಪತ್ರ ಅದಕ್ಕಾಗಿ.

ಲೆಕ್ಕ ಕಷ್ಟದ್ದಲ್ಲ. ಆಸ್ಪತ್ರೆಯಲ್ಲಿ ಕಾಣುವ ಆಳೆತ್ತರದ ಜಂಬೊ ಸಿಲಿಂಡರ್‌ನ ಒಳಗಿನ ಅಳತೆ ಸುಮಾರು 47 ಲೀಟರ್. ಅದಕ್ಕೆ 150 ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡದಲ್ಲಿ ಅನಿಲ ತುಂಬಿದರೆ ಸುಮಾರು 7,000 ಲೀಟರ್ ಆಮ್ಲಜನಕ ಹಿಡಿಯುತ್ತದೆ. ಆಂಬುಲೆನ್ಸ್‌ನಲ್ಲಿರುವ, ಈಗ ಜನ ಮನೆಗೆ ತರುತ್ತಿರುವ ಸಣ್ಣ ಸಿಲಿಂಡರ್ 10 ಲೀಟರ್‌ನದು, ತುಂಬಿದಾಗ 1,500 ಲೀಟರ್. ಗೇಜಿನಲ್ಲಿ ಮುಳ್ಳು ಎಲ್ಲಿದೆ ನೋಡಿ, ಅದರಿಂದ 10 ಕಳೆದು, ಜಂಬೊ ಆದರೆ 47ರಿಂದ, ಸಣ್ಣದಾದರೆ 10ರಿಂದ ಗುಣಿಸಿ. ಬಂದದ್ದನ್ನು ನಿಮಿಷಕ್ಕೆ ಹರಿಯುತ್ತಿರುವ ಲೀಟರ್‌ನಿಂದ ಭಾಗಿಸಿದರೆ ಉಳಿದ ನಿಮಿಷಗಳು ಸಿಗುತ್ತವೆ. ತಳದ 10 ಕೆ.ಜಿ.ಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಸಿಲಿಂಡರ್ ಬದಲಿಸುವ ಸಮಯ ಅದು.

ತುಂಬಿದ ಒಂದು ಜಂಬೊ, ನಿಮಿಷಕ್ಕೆ 5 ಲೀಟರ್‌ನಂತೆ ಒಬ್ಬರಿಗೆ ಕೊಟ್ಟರೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಬರುತ್ತದೆ. 10 ಲೀಟರ್ ಕೊಟ್ಟರೆ ಸುಮಾರು ಹನ್ನೊಂದು ಗಂಟೆ. ಚೀಲವಿರುವ ಮಾಸ್ಕ್‌ಗೆ 15 ಲೀಟರ್ ಬೇಕು, ಏಳೂವರೆ ಗಂಟೆಯಲ್ಲಿ ಮುಗಿಯಿತು. ಮೂಗಿಗೆ ಅತಿ ವೇಗದಲ್ಲಿ ಊದುವ ಹೈ ಫ್ಲೋ ಯಂತ್ರವನ್ನು 60 ಲೀಟರ್‌ಗೆ, ಪೂರ್ತಿ ಆಮ್ಲಜನಕಕ್ಕೆ ಇಟ್ಟರೆ ಅದೇ ಜಂಬೊ ಎರಡು ಗಂಟೆಯೂ ಬಾಳುವುದಿಲ್ಲ. ಸಿಲಿಂಡರ್‌ಗಳನ್ನೇ ನಂಬಿಕೊಂಡ ತಾಲ್ಲೂಕು ಆಸ್ಪತ್ರೆಗೆ ಯಾರೋ ಉದಾರವಾಗಿ ನಾಲ್ಕು ಹೈ ಫ್ಲೋ ಯಂತ್ರ ದಾನ ಕೊಟ್ಟರೆ, ಉಳಿದ ಹಾಸಿಗೆಗಳ ಗಂಟೆಗಳನ್ನು ಅದು ನುಂಗಿಬಿಡುತ್ತದೆ. ದಾನಿಗಳು ಮೊದಲು ಕೇಳಬೇಕಾದ ಪ್ರಶ್ನೆ: ನಿಮ್ಮಲ್ಲಿ ದ್ರವ ಆಮ್ಲಜನಕದ ಟ್ಯಾಂಕ್ ಇದೆಯೇ?

ಈಗ ಒಂದು ವಾರ್ಡಿನ ಲೆಕ್ಕ. 40 ರೋಗಿಗಳು, ಸರಾಸರಿ 10 ಲೀಟರ್. ನಿಮಿಷಕ್ಕೆ 400, ಗಂಟೆಗೆ 24,000 ಲೀಟರ್. ಹಲವು ಸಿಲಿಂಡರ್‌ಗಳನ್ನು ಒಂದೇ ಕೊಳವೆಗೆ ಕೂಡಿಸುವ ಮ್ಯಾನಿಫೋಲ್ಡ್ ಕೋಣೆಯಲ್ಲಿ ಎಡಗಡೆ 10 ಜಂಬೊ, ಬಲಗಡೆ 10 ಜಂಬೊ ಸಾಲಾಗಿ ಜೋಡಿಸಿರುತ್ತಾರೆ. ಒಂದು ಸಾಲು ಬರಿದಾದರೆ ಇನ್ನೊಂದಕ್ಕೆ ತಿರುಗಿಸಬೇಕು. ಒಂದು ಸಾಲಿನಲ್ಲಿರುವುದು 70,000 ಲೀಟರ್. ಮೂರು ಗಂಟೆಗೂ ಸಾಲದು. ಎರಡೂ ಸೇರಿ ಆರು ಗಂಟೆಯೊಳಗೆ ಖಾಲಿ. ತುಂಬಿಸುವ ಘಟಕ 60 ಕಿ.ಮೀ. ದೂರದಲ್ಲಿದೆ ಎನ್ನಿ, ಚಾಮರಾಜನಗರಕ್ಕೆ ಮೈಸೂರು ಸುಮಾರು ಅಷ್ಟೇ ದೂರ. ಸಿಲಿಂಡರ್ ಇಳಿಸಿ ಲಾರಿಗೆ ಏರಿಸಬೇಕು, ಹೋಗಬೇಕು, ಸರದಿಯಲ್ಲಿ ನಿಲ್ಲಬೇಕು, ತುಂಬಿಸಬೇಕು, ಮರಳಿ ಬಂದು ಇಳಿಸಿ ಜೋಡಿಸಬೇಕು. ಸರದಿ ಚಿಕ್ಕದಿದ್ದ ದಿನವೂ ಐದಾರು ಗಂಟೆ ಹಿಡಿಯುತ್ತದೆ. ಅಂದರೆ ಎರಡನೇ ಸಾಲಿಗೆ ತಿರುಗಿಸಿದ ಮೇಲೆ ಫೋನ್ ಮಾಡಿದರೆ ಆಗಲೇ ತಡವಾಗಿದೆ. ಮೂರು ಗಂಟೆಯಷ್ಟು ಆಮ್ಲಜನಕ ಕೈಯಲ್ಲಿದೆ, ಆರು ಗಂಟೆಯಷ್ಟು ದಾರಿ ಮುಂದಿದೆ. ಕಳ್ಳತನ, ಲಂಚ, ನಿರ್ಲಕ್ಷ್ಯ ಯಾವುದೂ ಇಲ್ಲದೆಯೂ ದುರಂತ ಆಗಲು ಇಷ್ಟು ಸಾಕು.

ಇಂಥ ಕಡೆ ಎರಡು ಸಾಲು ಸಿಲಿಂಡರ್ ಇದ್ದರೆ ನಡೆಯುವುದಿಲ್ಲ. ನಾಲ್ಕು ಬೇಕು: ಒಂದು ಬಳಕೆಯಲ್ಲಿರುವುದು, ಒಂದು ತುಂಬಿ ಜೋಡಿಸಿಟ್ಟಿರುವುದು, ಎರಡು ಲಾರಿಯಲ್ಲಿ ಅಥವಾ ತುಂಬಿಸುವ ಕಡೆ. ಮೊದಲ ಸಾಲಿನ ಕವಾಟ ತೆರೆದ ಗಳಿಗೆಯಲ್ಲೇ ಲಾರಿ ಹೊರಡಬೇಕು. ಇದಕ್ಕೆ ಬೇಕಾದದ್ದು ಹೆಚ್ಚು ಆಮ್ಲಜನಕಕ್ಕಿಂತ ಹೆಚ್ಚು ಖಾಲಿ ಸಿಲಿಂಡರ್‌ಗಳು, ರಾತ್ರಿಯಿಡೀ ತೆರೆದಿರುವ ತುಂಬಿಸುವ ಘಟಕ, ಪಾಳಿಯಲ್ಲಿ ಓಡಿಸುವ ಇಬ್ಬರು ಚಾಲಕರು. ಹೈಕೋರ್ಟ್ ಕೊಡಿಸಿದ ಟನ್ನುಗಳು ಜಿಲ್ಲೆಗೆ ಮುಟ್ಟುವುದು ಈ ಮೂರರ ಮೂಲಕವೇ. ಇವುಗಳ ಬಗ್ಗೆ ಸುದ್ದಿಗೋಷ್ಠಿಗಳಲ್ಲಿ ಒಂದು ಮಾತೂ ಕೇಳಿಸುತ್ತಿಲ್ಲ ಎಂಬುದೇ ನಮ್ಮ ದೊಡ್ಡ ಸಂಕಟ.

ದ್ರವ ಆಮ್ಲಜನಕದ ಟ್ಯಾಂಕ್ ಇದ್ದವರಿಗೂ ನಿಶ್ಚಿಂತೆಯಿಲ್ಲ. ಒಳಗಿನ ದ್ರವ ಮೈನಸ್ 183 ಡಿಗ್ರಿಯದು. ಅದು ಆವಿಯಾಗಿಸುವ ರೆಕ್ಕೆಗಳ ಮೂಲಕ ಹಾದು ಅನಿಲವಾಗುತ್ತದೆ. ಆ ರೆಕ್ಕೆಗಳನ್ನು ಇಂತಿಷ್ಟೇ ಹರಿವಿಗೆ ಎಂದು ಮಾಡಿರುತ್ತಾರೆ. 30 ಹಾಸಿಗೆಗೆ ಕೂರಿಸಿದ್ದನ್ನು 120 ಹಾಸಿಗೆಗೆ ಎಳೆದರೆ ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಶಾಖ ಒಳಗೆ ಹೋಗುವುದಿಲ್ಲ, ಟ್ಯಾಂಕ್ ತುಂಬಿದ್ದರೂ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ತಾತ್ಕಾಲಿಕ ಉಪಾಯವೆಂದರೆ ಪೈಪಿನಿಂದ ನೀರು ಬಿಟ್ಟು ಗಡ್ಡೆ ಕರಗಿಸುವುದು. ಸರಿಯಾದ ಉಪಾಯವೆಂದರೆ ಎರಡು ಆವಿಕಾರಕ ಇಟ್ಟು ಸರದಿಯಲ್ಲಿ ಬಳಸುವುದು. ಇನ್ನೊಂದು ಕಾಣದ ಕುತ್ತು ತಾಮ್ರದ ಕೊಳವೆಯ ಗಾತ್ರ. ಹತ್ತು ಹಾಸಿಗೆಯಲ್ಲಿ ಇಬ್ಬರಿಗೆ ಆಮ್ಲಜನಕ ಬೇಕಾಗುತ್ತಿದ್ದ ಕಾಲದಲ್ಲಿ ಹಾಕಿದ ಸಣ್ಣ ಕೊಳವೆಗೆ ಈಗ ಹತ್ತೂ ಜನ ಬಾಯಿ ಹಾಕಿದ್ದಾರೆ. 4 ಬಾರ್ ಒತ್ತಡ ಇರಬೇಕಾದಲ್ಲಿ ಸಾಲಿನ ಕೊನೆಯ ಹಾಸಿಗೆಗೆ 3 ಬಾರ್ ತಲುಪಿದರೆ ಹೆಚ್ಚು. ಆದ್ದರಿಂದ ಹೆಚ್ಚು ಹರಿವು ಬೇಕಾದವರನ್ನು, ಮುಖ್ಯವಾಗಿ ವೆಂಟಿಲೇಟರ್ ಮತ್ತು ಹೈ ಫ್ಲೋ ಮೇಲಿರುವವರನ್ನು, ಮುಖ್ಯ ಕೊಳವೆಗೆ ಹತ್ತಿರದ ಹಾಸಿಗೆಗಳಲ್ಲಿ ಮಲಗಿಸಬೇಕು. ಕೊನೆಯ ಹಾಸಿಗೆಯಲ್ಲೊಂದು ಒತ್ತಡದ ಗೇಜ್ ಇಡಬೇಕು. ಟ್ಯಾಂಕಿನ ಪಕ್ಕದ ಗೇಜ್ ಸುಳ್ಳು ಧೈರ್ಯ ಕೊಡುತ್ತದೆ.

ಏಪ್ರಿಲ್ 21ರಂದು ನಾಸಿಕ್‌ನಲ್ಲಿ ಟ್ಯಾಂಕ್ ಸೋರಿ, ಕೊಳವೆಯ ಒತ್ತಡ ಬಿದ್ದು, ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಅದಾದ ಮೇಲೂ ಟ್ಯಾಂಕ್‌ಗೆ ಬೆನ್ನೆಲುಬಾಗಿ ಸಿಲಿಂಡರ್ ಮ್ಯಾನಿಫೋಲ್ಡ್ ಜೋಡಿಸಿಡದ ಆಸ್ಪತ್ರೆಗಳಿದ್ದರೆ ಇವತ್ತೇ ಜೋಡಿಸಬೇಕು. ಪ್ರತಿ ಐಸಿಯು ಹಾಸಿಗೆಯ ಪಕ್ಕ ತುಂಬಿದ ಒಂದು ಸಣ್ಣ ಸಿಲಿಂಡರ್, ರೆಗ್ಯುಲೇಟರ್ ಮತ್ತು ತೆರೆಯುವ ಕೀಲಿ ಸಹಿತ ಇರಬೇಕು. ಕೀಲಿಯನ್ನು ಸಿಲಿಂಡರ್‌ಗೇ ಸರಪಳಿಯಿಂದ ಕಟ್ಟಿ. ಕತ್ತಲಲ್ಲಿ ಕೀಲಿ ಹುಡುಕುವ ಐದು ನಿಮಿಷ ಬಹಳ ದೊಡ್ಡದು.

ಇನ್ನು ಪೋಲು. ಐಸಿಯು ಅಲ್ಲದ ಹಾಸಿಗೆಗೆ ನಿಮಿಷಕ್ಕೆ 10 ಲೀಟರ್, ಐಸಿಯುಗೆ 24 ಲೀಟರ್ ಎಂಬುದು ಕೇಂದ್ರ ಸರ್ಕಾರ ಇಟ್ಟುಕೊಂಡಿರುವ ಲೆಕ್ಕ. ಒಂದು ಟನ್ ಎಂದರೆ ಸುಮಾರು 750 ಘನ ಮೀಟರ್ ಅನಿಲ, ನೂರರ ಆಸುಪಾಸು ಜಂಬೊ ಸಿಲಿಂಡರ್. ಹಾಗೆ ನೋಡಿದರೆ 1,200 ಟನ್‌ನಲ್ಲಿ 10 ಲೀಟರ್‌ನ 60 ಸಾವಿರ ಹಾಸಿಗೆಗಳನ್ನು ಅಥವಾ 24 ಲೀಟರ್‌ನ 26 ಸಾವಿರ ಹಾಸಿಗೆಗಳನ್ನು ನಡೆಸಬಹುದು. ಒಂದೇ ದಿನ 50 ಸಾವಿರ ಹೊಸ ಸೋಂಕು ಕಂಡ ರಾಜ್ಯ ನಮ್ಮದು. ಲೀಟರ್ ಲೀಟರ್‌ಗೂ ಬೆಲೆ ಇದೆ.

ರಕ್ತದಲ್ಲಿನ ಆಮ್ಲಜನಕಕ್ಕೆ, ಅಂದರೆ ಆಕ್ಸಿಮೀಟರ್ ತೋರಿಸುವ ಶೇಕಡಾ ಅಂಕಿಗೆ, ಚಿಕಿತ್ಸಾ ಮಾರ್ಗಸೂಚಿ ಹೇಳುವ ಗುರಿ 92ರಿಂದ 96. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದವರಿಗೆ 88ರಿಂದ 92. ಆದರೂ ಬಂಧುಗಳ ಸಮಾಧಾನಕ್ಕೆಂದು 99 ತೋರಿಸುವವರೆಗೆ, ಹರಿವು ಅಳೆಯುವ ಫ್ಲೋಮೀಟರ್ ತಿರುಗಿಸುವುದು ಎಲ್ಲ ಕಡೆ ನಡೆಯುತ್ತಿದೆ. 99ರಿಂದ ರೋಗಿಗೆ ಹೆಚ್ಚಿನ ಲಾಭವಿಲ್ಲ. 100 ರೋಗಿಗಳಿಗೆ ತಲಾ 2 ಲೀಟರ್ ತಗ್ಗಿಸಿದರೆ ದಿನಕ್ಕೆ 41 ಜಂಬೊ ಉಳಿಯುತ್ತದೆ. ಊಟಕ್ಕೆ, ಶೌಚಕ್ಕೆ ಮಾಸ್ಕ್ ತೆಗೆದಿಟ್ಟಾಗ ಹರಿವು ನಿಲ್ಲಿಸಬೇಕು. ಮರಳಿ ಹಾಕುವಾಗ ಮೊದಲು ಹರಿವು ಬಿಟ್ಟು ಆಮೇಲೆ ಮಾಸ್ಕ್ ಹಾಕಬೇಕು. ಶೌಚಾಲಯಕ್ಕೆ ನಡೆಯುವ ದಾರಿಯಲ್ಲೇ ಕುಸಿದುಬೀಳುವ ರೋಗಿಗಳಿದ್ದಾರೆ, ಅವರಿಗೆ ಹಾಸಿಗೆಯಲ್ಲೇ ವ್ಯವಸ್ಥೆ ಆಗಬೇಕು. ಉಳಿತಾಯದ ಹೆಸರಲ್ಲಿ ಅವರ ಮಾಸ್ಕ್ ತೆಗೆಯಬೇಡಿ. ಕೀಲುಗಳಲ್ಲಿ ಸೋರಿಕೆ ಇದೆಯೇ ಎಂದು ಸೋಪಿನ ನೊರೆ ಹಚ್ಚಿ ನೋಡಬೇಕು. ನಿಮಿಷಕ್ಕೆ 1 ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್, ಹೆಚ್ಚುಕಡಿಮೆ ಒಂದು ಸಣ್ಣ ಸಿಲಿಂಡರ್ ಗಾಳಿಪಾಲು. ಬಹುತೇಕ ಸೋರಿಕೆಗೆ ಕಾರಣ ಸವೆದ ವಾಷರ್. ಅಂಗಡಿಗಳು ಬೆಳಗ್ಗೆ 10ಕ್ಕೆ ಬಾಗಿಲು ಹಾಕುವ ಈ ದಿನಗಳಲ್ಲಿ ಒಂದು ಡಬ್ಬಿ ವಾಷರ್ ಮೊದಲೇ ತಂದಿಟ್ಟುಕೊಳ್ಳದಿದ್ದರೆ ಮರುದಿನ ಬೆಳಗಿನವರೆಗೆ ಸೋರುತ್ತಲೇ ಇರುತ್ತದೆ.

ಸಾಧನಕ್ಕೆ ತಕ್ಕ ಹರಿವೂ ಮುಖ್ಯ. ಮೂಗಿನ ಕೊಳವೆಗೆ 1ರಿಂದ 5 ಲೀಟರ್. ಅದಕ್ಕೆ 10 ಬಿಟ್ಟರೆ ಮೂಗು ಒಣಗಿ ರಕ್ತ ಬರುತ್ತದೆಯೇ ಹೊರತು ಶ್ವಾಸಕೋಶಕ್ಕೆ ಅಷ್ಟೂ ಸೇರುವುದಿಲ್ಲ. ಸಾದಾ ಮಾಸ್ಕ್‌ಗೆ ಕನಿಷ್ಠ 5 ಬೇಕು, ಕಡಿಮೆಯಾದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡಂತೆ. ಚೀಲದ ಮಾಸ್ಕ್‌ಗೆ 10ರಿಂದ 15. ಉಸಿರೆಳೆದಾಗ ಚೀಲ ಪೂರ್ತಿ ಮುದುಡಿದರೆ ಹರಿವು ಸಾಲದು, ಮುಖದ ಅಂಚಿನಲ್ಲಿ ಗಾಳಿ ನುಗ್ಗುತ್ತಿದ್ದರೆ ಪಟ್ಟಿ ಬಿಗಿಯಾಗಿಲ್ಲ. ಫ್ಲೋಮೀಟರ್ ನೆಟ್ಟಗೆ ನಿಂತಿರಬೇಕು, ಗುಂಡಿನ ನಡುಮಧ್ಯವನ್ನು ಅಂಕಿಗೆ ಸೇರಿಸಿ ಓದಬೇಕು. ಇದನ್ನೆಲ್ಲ ನೋಡಿಕೊಳ್ಳಲು ಪಾಳಿಗೊಬ್ಬ ದಾದಿಯನ್ನು ಬೇರೆ ಕೆಲಸ ಕೊಡದೆ ನೇಮಿಸಿದರೆ, ಆ ಒಂದು ಸಂಬಳದಲ್ಲಿ ಉಳಿಯುವ ಆಮ್ಲಜನಕ ಯಾವ ಟ್ಯಾಂಕರ್ ತರುವುದಕ್ಕಿಂತಲೂ ಬೇಗ ಕೈಗೆ ಸಿಗುತ್ತದೆ.

ಗಾಳಿಯಿಂದಲೇ ಆಮ್ಲಜನಕ ಸೋಸುವ ಘಟಕಗಳ ಬಗ್ಗೆ. ಜನವರಿಯಲ್ಲಿ ಪಿಎಂ ಕೇರ್ಸ್ ನಿಧಿಯಿಂದ ದೇಶಕ್ಕೆ 162 ಘಟಕ ಎಂದರು, ಏಪ್ರಿಲ್ 25ರಂದು ಇನ್ನೂ 551 ಎಂದರು. ಬರಲಿ. ನಿಮಿಷಕ್ಕೆ 1,000 ಲೀಟರ್ ಕೊಡುವ ಒಂದು ಘಟಕ ದಿನಕ್ಕೆ 200 ಜಂಬೊಗೆ ಸಮ. ಜಿಲ್ಲಾಸ್ಪತ್ರೆಯ ಹೆಗಲ ಭಾರ ಅರ್ಧ ಇಳಿಯುತ್ತದೆ. ಆದರೆ ಅದಕ್ಕೆ ನಿರಂತರ ವಿದ್ಯುತ್ ಬೇಕು, ಅದರ ಹೊರೆ ತಡೆಯುವ ಜನರೇಟರ್ ಬೇಕು, ತೇವ ಹೀರುವ ಯಂತ್ರ ಕೆಟ್ಟರೆ ಒಳಗೆ ಸಾರಜನಕವನ್ನು ಹಿಡಿದಿಡುವ ಜಿಯೊಲೈಟ್ ಹರಳು ಹಾಳಾಗಿ ಶುದ್ಧತೆ ಇಳಿಯುತ್ತದೆ. ಅದು ಕೊಡುವುದು 93 ಪ್ರತಿಶತದ ಆಮ್ಲಜನಕ. ಶಕ್ತಿ ಮೀರಿ ಎಳೆದರೆ 90ಕ್ಕಿಂತ ಕೆಳಗೆ ಜಾರುತ್ತದೆ. ಒತ್ತಡ ಹೆಚ್ಚಿಸುವ ಕಂಪ್ರೆಸರ್ ಪ್ರತ್ಯೇಕವಾಗಿ ಕೊಳ್ಳದಿದ್ದರೆ ಅದರಿಂದ ಸಿಲಿಂಡರ್ ತುಂಬಿಸಲೂ ಆಗದು. ಉದ್ಘಾಟನೆಗೆ ಮೊದಲು ಇವನ್ನು ಕೇಳಿ ಬರೆಯಿರಿ.

ಮನೆಯಲ್ಲಿರುವವರಿಗೆ ಹೇಳಬೇಕಾದ್ದು ಬಹಳ ಇದೆ. ಬೆರಳಿನ ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ಬಂದರೆ ವೈದ್ಯರನ್ನು ಕಾಣಬೇಕು, ಹಾಸಿಗೆಗೆ ಪ್ರಯತ್ನ ಶುರುವಾಗಬೇಕು. ಓದುವ ಮೊದಲು ಹತ್ತು ಹದಿನೈದು ನಿಮಿಷ ಸುಮ್ಮನೆ ಕೂರಬೇಕು, ಉಗುರಿನ ಬಣ್ಣ ಅಳಿಸಬೇಕು, ತಣ್ಣಗಿರುವ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು, ಅಂಕಿ ಸ್ಥಿರವಾಗುವವರೆಗೆ ಒಂದು ನಿಮಿಷ ಕೈ ಅಲ್ಲಾಡಿಸದೆ ಕಾಯಬೇಕು. ಕೂತಾಗ ಚೆನ್ನಾಗಿದ್ದು, ಕೋಣೆಯಲ್ಲೇ ಆರು ನಿಮಿಷ ನಡೆದಾಗ 3-4 ಅಂಕಿ ಇಳಿದರೂ ಅದು ಎಚ್ಚರಿಕೆಯ ಗಂಟೆಯೇ. ಕರ್ಪೂರ, ಓಮ, ಲವಂಗದ ಪೊಟ್ಟಣ ಮೂಸಿದರೆ ಅಂಕಿ ಏರುವುದಿಲ್ಲ. ಮೂಗಿಗೆ ನಿಂಬೆರಸ ಬಿಟ್ಟರೂ ಏರುವುದಿಲ್ಲ. ಔಷಧಿ ಹಾಕಲಿ ಬಿಡಲಿ, ನೆಬ್ಯುಲೈಸರ್ ಆಮ್ಲಜನಕ ಕೊಡುವುದಿಲ್ಲ. ಇವುಗಳಲ್ಲಿ ಕಳೆದ ಅರ್ಧ ದಿನವೇ ಕೆಲವರ ಪಾಲಿಗೆ ಕೊನೆಯ ಅರ್ಧ ದಿನವಾಗುತ್ತಿದೆ.

ಹಾಸಿಗೆ ಸಿಗುವವರೆಗೆ ನಿಜಕ್ಕೂ ಕೈಹಿಡಿಯುವುದು ಬೋರಲು ಮಲಗುವುದು. ನಾಲ್ಕೈದು ದಿಂಬು ಸಾಕು: ಕುತ್ತಿಗೆಯ ಕೆಳಗೊಂದು, ಎದೆಯಿಂದ ತೊಡೆಯ ಮೇಲ್ಭಾಗದವರೆಗೆ ಒಂದೋ ಎರಡೋ, ಮೊಣಕಾಲಿನ ಕೆಳಗಿನ ಮುಂಗಾಲಿಗೆ ಎರಡು. ಅರ್ಧ ಗಂಟೆಯಿಂದ ಎರಡು ಗಂಟೆ ಬೋರಲು, ಆಮೇಲೆ ಬಲ ಮಗ್ಗುಲು, ಆಮೇಲೆ ಒರಗಿ ಕೂರುವುದು, ಆಮೇಲೆ ಎಡ ಮಗ್ಗುಲು, ಮತ್ತೆ ಬೋರಲು. ಊಟವಾದ ಒಂದು ಗಂಟೆಯೊಳಗೆ ಬೇಡ. ಗರ್ಭಿಣಿಯರು, ಗಂಭೀರ ಹೃದ್ರೋಗ ಇರುವವರು, ಬೆನ್ನುಮೂಳೆ ಅಥವಾ ಸೊಂಟ ಮುರಿದವರು ಮಾಡಬಾರದು.

ಕಾನ್ಸನ್‌ಟ್ರೇಟರ್ (ಗಾಳಿಯಿಂದ ಆಮ್ಲಜನಕ ಸೋಸುವ ಮನೆಬಳಕೆಯ ಯಂತ್ರ) ತರುವವರು ಅದು 5 ಲೀಟರ್‌ನದೋ 10 ಲೀಟರ್‌ನದೋ ನೋಡಿ, ಅದಕ್ಕಿಂತ ಹೆಚ್ಚಾಗಿ ಪೂರ್ತಿ ಹರಿವಿನಲ್ಲಿ ಶುದ್ಧತೆ ಎಷ್ಟು ಎಂದು ಕೇಳಿ. 5ಕ್ಕೆ ಇಟ್ಟಾಗ 90 ಪ್ರತಿಶತ ಮುಟ್ಟದ ಯಂತ್ರಗಳನ್ನೂ ಈಗ ಮಾರುತ್ತಿದ್ದಾರೆ. ಗೋಡೆಯಿಂದ ಒಂದಡಿ ದೂರ ಇಡಿ, ಗಾಳಿಯಾಡುವ ಕೋಣೆಯಲ್ಲಿ ಇಡಿ, ಹಿಂದಿನ ಶೋಧಕವನ್ನು ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. 5 ಲೀಟರ್‌ನದು 350-400 ವ್ಯಾಟ್ ಎಳೆಯುತ್ತದೆ. ದೀಪ, ಫ್ಯಾನಿಗೆಂದು ಇಟ್ಟ ಸಣ್ಣ ಯುಪಿಎಸ್ ಹೆಚ್ಚು ಹೊತ್ತು ತಡೆಯದು. ಮಳೆಗಾಳಿ ಬಂದು ಕರೆಂಟ್ ಹೋಗುವ ಮೇ ತಿಂಗಳಲ್ಲಿ ಪಕ್ಕದಲ್ಲೊಂದು ಸಣ್ಣ ಸಿಲಿಂಡರ್ ಇಲ್ಲದೆ ಇದನ್ನೊಂದೇ ನೆಚ್ಚಬೇಡಿ. ರೋಗಿಗೆ 5 ಲೀಟರ್‌ಗಿಂತ ಹೆಚ್ಚು ಬೇಕಾಗುತ್ತಿದ್ದರೆ ಮನೆ ಅವರ ಜಾಗವಲ್ಲ.

ಆಮ್ಲಜನಕಕ್ಕೆ ತೇವ ಕೊಡಲು ಜೋಡಿಸುವ ನೀರಿನ ಬಾಟಲಿಗೆ ನಲ್ಲಿ ನೀರು, ಬೋರ್‌ವೆಲ್ ನೀರು ಹಾಕಲೇಬೇಡಿ. ಡಿಸ್ಟಿಲ್ಡ್ ನೀರು, ಸಿಗದಿದ್ದರೆ ಕುದಿಸಿ ಆರಿಸಿದ ನೀರು, ಗೆರೆ ಮೀರದಂತೆ. ದಿನವೂ ಪೂರ್ತಿ ಚೆಲ್ಲಿ, ತೊಳೆದು, ಹೊಸದು ಹಾಕಿ. ಕಪ್ಪು ಶಿಲೀಂಧ್ರದ ಸುದ್ದಿಗಳು ಬರತೊಡಗಿವೆ. ಅಂಕೆಯಿಲ್ಲದ ಸಕ್ಕರೆ ಕಾಯಿಲೆ ಮತ್ತು ಲೆಕ್ಕವಿಲ್ಲದ ಸ್ಟಿರಾಯ್ಡ್ ಅದರ ದೊಡ್ಡ ಕಾರಣಗಳು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚೀಟಿ ನೋಡಿ ಸ್ಟಿರಾಯ್ಡ್ ಮಾತ್ರೆ ನುಂಗುವುದನ್ನು ದಯವಿಟ್ಟು ನಿಲ್ಲಿಸಿ. ಕೊಳಕು ನೀರಿನ ಬಾಟಲಿಯನ್ನು ಅದಕ್ಕೆ ಜೊತೆ ಮಾಡಬೇಡಿ.

ಸಿಲಿಂಡರ್ ಕೊಳ್ಳುವಾಗ ಬಣ್ಣ ನೋಡಿ: ವೈದ್ಯಕೀಯ ಆಮ್ಲಜನಕದ್ದು ಕಪ್ಪು ಮೈ, ಬಿಳಿ ಭುಜ. ಕೊರಳ ಬಳಿ ಕೊರೆದಿರುವ ಪರೀಕ್ಷೆಯ ದಿನಾಂಕ ಐದು ವರ್ಷ ಮೀರಿರಬಾರದು. ಬೇರೆ ಅನಿಲದ ಸಿಲಿಂಡರ್‌ಗೆ ಬಣ್ಣ ಬಳಿದು ಕೊಡುವವರಿದ್ದರೆ ಹೊಸ ಬಣ್ಣದ ವಾಸನೆಯೇ ಹೇಳುತ್ತದೆ. ಅಂಥದ್ದನ್ನು ಮನೆಯೊಳಗೆ ತರಬೇಡಿ. ರೆಗ್ಯುಲೇಟರ್ ಜೋಡಿಸುವ ಮುನ್ನ ಕವಾಟವನ್ನು ಒಂದು ಕ್ಷಣ ತೆರೆದು ದೂಳು ಊದಿಸಿ, ಆಮೇಲೆ ಜೋಡಿಸಿ, ನಿಧಾನವಾಗಿ ತೆರೆಯಿರಿ. ಕೀಲಿಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ. ಒತ್ತಡದ ಆಮ್ಲಜನಕ ತಗುಲಿದರೆ ಎಣ್ಣೆ ತಾನೇ ಹೊತ್ತಿಕೊಳ್ಳಬಹುದು. ರೋಗಿಯ ಒಣಗಿದ ತುಟಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬೇಡ, ನೀರಿನ ಒದ್ದೆ ಬಟ್ಟೆ ಸಾಕು. ಅದೇ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಬೇಡ. ಸಿಲಿಂಡರ್‌ನ್ನು ಕಿಟಕಿಯ ಕಂಬಿಗೋ ಮಂಚದ ಕಾಲಿಗೋ ಹಗ್ಗದಿಂದ ಬಿಗಿದು ನಿಲ್ಲಿಸಿ. ಬಿದ್ದು ಕವಾಟ ಮುರಿದರೆ ಅದು ಗೋಡೆಯನ್ನೂ ತೂರಿ ಹೋಗುವಷ್ಟು ಬಲದಿಂದ ಚಿಮ್ಮುತ್ತದೆ.

ಪತ್ರಿಕೆಗೆ ನಮ್ಮ ಕೋರಿಕೆ ಸಣ್ಣದು. ಸೋಂಕು, ಸಾವು, ಗುಣಮುಖ ಎಂದು ಜಿಲ್ಲಾವಾರು ಪಟ್ಟಿ ಹಾಕುತ್ತೀರಿ. ಅದರ ಪಕ್ಕ ಇನ್ನೊಂದು ಕಾಲಂ ಹಾಕಿ: ಜಿಲ್ಲಾಸ್ಪತ್ರೆಯಲ್ಲಿ ಸಂಜೆ 6ಕ್ಕೆ ಉಳಿದಿದ್ದ ಆಮ್ಲಜನಕ, ಗಂಟೆಯಲ್ಲಿ. ವರದಿಗಾರರು ಜಿಲ್ಲಾಧಿಕಾರಿಗೆ ದಿನವೂ ಈ ಒಂದು ಪ್ರಶ್ನೆ ಕೇಳಿದರೆ, ಜಿಲ್ಲಾಧಿಕಾರಿ ಆಸ್ಪತ್ರೆಗೆ ಕೇಳುತ್ತಾರೆ, ಆಸ್ಪತ್ರೆಯಲ್ಲಿ ಒಬ್ಬರು ಮ್ಯಾನಿಫೋಲ್ಡ್ ಕೋಣೆಗೆ ಹೋಗಿ ಗೇಜ್ ನೋಡುತ್ತಾರೆ. ಅಂಕಿ 12ಕ್ಕಿಂತ ಕಡಿಮೆ ಇದ್ದರೆ ಅಂದೇ ರಾತ್ರಿ ಲಾರಿ ಹೊರಡಬೇಕು. 6ಕ್ಕಿಂತ ಕಡಿಮೆ ಇದ್ದರೆ ಹೊಸ ರೋಗಿಗಳನ್ನು ಬೇರೆಡೆಗೆ ಕಳಿಸುವ ವ್ಯವಸ್ಥೆ ಶುರುವಾಗಬೇಕು, ಪಕ್ಕದ ಜಿಲ್ಲೆಗೆ ಫೋನ್ ಹೋಗಬೇಕು. ಸಿಲಿಂಡರ್ ಯಾವ ಜಿಲ್ಲೆಯದು ಎಂಬ ವಾದ ಬೆಳಗಾದ ಮೇಲೆ ಆಗಲಿ.

ಓದುಗರಲ್ಲಿ ಒಂದು ಬೇಡಿಕೆ. ರೋಗಿ ಗುಣವಾಗಿ ಬಂದ ಮೇಲೂ, ಇರಲಿ ಎಂದು ಮಂಚದ ಕೆಳಗೆ ಸಿಲಿಂಡರ್ ಇಟ್ಟುಕೊಂಡಿರುವ ಮನೆಗಳಿವೆ. ಆಸ್ಪತ್ರೆಗಳಿಗೆ ಇಂದು ಕಾಡುತ್ತಿರುವ ದೊಡ್ಡ ಕೊರತೆ ಖಾಲಿ ಸಿಲಿಂಡರ್‌ಗಳದ್ದು. ಇವತ್ತೇ ಮರಳಿಸಿ. ಪೂರ್ತಿ ಬರಿದು ಮಾಡಬೇಡಿ, ಗೇಜಿನಲ್ಲಿ 5-10 ಕೆ.ಜಿ. ಇರುವಾಗಲೇ ಕವಾಟ ಬಿಗಿ ಮಾಡಿ. ಇಲ್ಲದಿದ್ದರೆ ತೇವದ ಗಾಳಿ ಒಳಸೇರಿ ತುಕ್ಕು ಹಿಡಿಯುತ್ತದೆ, ಮತ್ತೆ ತುಂಬಿಸುವ ಮೊದಲು ಅದನ್ನು ಶುಚಿಗೊಳಿಸಲು ಸಮಯ ಹೋಗುತ್ತದೆ. ಮೈಯನ್ನು ಸ್ಯಾನಿಟೈಸರ್‌ನಿಂದಲ್ಲ, ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಕವಾಟದ ಮೇಲೆ ಟೋಪಿ ಹಾಕಿ, ಸೀಮೆಸುಣ್ಣದಲ್ಲಿ ‘ಖಾಲಿ’ ಎಂದು ಬರೆದು ಕಳಿಸಿ. ರೆಗ್ಯುಲೇಟರ್ ಮತ್ತು ಕೀಲಿಯನ್ನೂ ಜೊತೆಗೆ ಕೊಡಿ, ಅವಿಲ್ಲದ ಸಿಲಿಂಡರ್ ರಾತ್ರಿ ಎರಡು ಗಂಟೆಗೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಇಂತಿ,
ಆಸ್ಪತ್ರೆಗಳ ಆಮ್ಲಜನಕ ಕೊಳವೆ ಮಾರ್ಗದ ತಂತ್ರಜ್ಞರು
ಮೈಸೂರು, ಮೇ 2021